ಹುಳುಮನೆಯ ಮಡಿ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಹುಳುಗಳದ್ದಾಗಿತ್ತು. ಮೂಡಣಕ್ಕೆ ಎರಡು ಕಿಟಕಿ, ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ನುಸುಳದಂತೆ ಅವಕ್ಕೆ ಸಣ್ಣ ಕಣ್ಣಿನ ಬಲೆ, ಪ್ರತಿ ಬೆಳೆಗೂ ಹೊಸದಾಗಿ ಸುಣ್ಣ ಬಳಿದ ಗೋಡೆ, ಎಲೆ ಹಾಕದೆ ಊಟ ಬಡಿಸಿದರೂ ಉಣ್ಣಬಹುದಾದಂಥ ನೆಲ. ಚಳಿಯಲ್ಲಿ ಅಲ್ಲಿ ಇದ್ದಿಲ ಒಲೆ ಇಡುತ್ತಿದ್ದರು, ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತಿದ್ದರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದ ನಮ್ಮೂರಿನಲ್ಲಿ ರೇಷ್ಮೆ ಹುಳು ಸಾಕದ ಮನೆಯೇ ಇರಲಿಲ್ಲ, ಆದರೆ ನಮ್ಮ ಮನೆಯಷ್ಟು ಮಡಿ ಯಾರಲ್ಲೂ ಇರಲಿಲ್ಲ. ಹುಳುಮನೆಗೆ ಕಾಲಿಡುವ ಮುಂಚೆ ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ಅದ್ದಬೇಕು. ತಲೆಗೆ ಎಣ್ಣೆ ಹಚ್ಚಿರಬಾರದು, ಹೂ ಮುಡಿದಿರಬಾರದು. ಹುಳು ಜ್ವರಕ್ಕೆ ಕೂತಿವೆ ಎಂದರೆ, ಅಂದರೆ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ನಿದ್ದೆ ಹೋಗಿವೆ ಎಂದರೆ, ಅಮ್ಮ ಸಾರಿಗೆ ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. ಮೆಣಸಿನಕಾಯಿಯ ಘಾಟು ಅವಕ್ಕೆ ಆಗುವುದಿಲ್ಲವಂತೆ. ನಾವು ಮನುಷ್ಯರು ನಡುಮನೆಯಲ್ಲಿ ಒಂದೇ ಚಾಪೆಯ ಮೇಲೆ ಮೈಗೆ ಮೈ ಒತ್ತಿಕೊಂಡು ಮಲಗಿದರೆ ಅಪ್ಪನಿಗೆ ಏನೂ ಅನ್ನಿಸುತ್ತಿರಲಿಲ್ಲ. ತಟ್ಟೆಯಲ್ಲಿ ಹುಳುಗಳು ಒತ್ತಿಕೊಂಡರೆ ಮಾತ್ರ ಅವನಿಗೆ ಸಂಕಟವಾಗುತ್ತಿತ್ತು, ಕೂಡಲೇ ಇನ್ನೊಂದು ತಟ್ಟೆ ತಂದು ಬಿಡಿಸಿ ಹಾಕುತ್ತಿದ್ದ.

ಈ ಕಟ್ಟಳೆಗಳನ್ನೆಲ್ಲ ಮಾಡಿದವಳು ಅಪ್ಪನ ಅಮ್ಮ, ನನ್ನ ಅಜ್ಜಿ. ತೌರು ಚಿಂತಾಮಣಿಯ ಆಚೆಗಿನ ತೆಲುಗು ಮನೆ. ಮದುವೆಯಾಗಿ ಬಂದಾಗ ನಮ್ಮ ಮನೆಯಲ್ಲಿ ಹುಳುವೂ ಇರಲಿಲ್ಲ, ಹೊಟ್ಟೆತುಂಬ ಊಟವೂ ಇರಲಿಲ್ಲವಂತೆ. ಹಿಪ್ಪುನೇರಳೆ ಕಡ್ಡಿ ನೆಟ್ಟು, ಮೊಟ್ಟೆ ತಂದು, ಮನೆಯನ್ನು ಮೇಲಕ್ಕೆತ್ತಿದವಳು ಅವಳೇ. ಅದನ್ನು ಅವಳು ಮರೆಯಲಿಲ್ಲ, ಬೇರೆಯವರಿಗೂ ಮರೆಯಲು ಬಿಡಲಿಲ್ಲ. ಮುಟ್ಟಾದ ಹೆಂಗಸು ಹುಳುಮನೆಯ ಹೊಸಿಲು ತುಳಿಯುವಂತಿಲ್ಲ. ಸಾವಿನ ಮನೆಗೆ ಹೋಗಿಬಂದವರು, ಕಾಯಿಲೆಯವರನ್ನು ಮುಟ್ಟಿದವರು ತಲೆಗೆ ನೀರು ಹಾಕಿಕೊಳ್ಳದೆ ಆ ಕಡೆ ಸುಳಿಯುವಂತಿಲ್ಲ. ಒಂದು ಸಲ ಹೊಸ ಸೊಸೆಯಾಗಿದ್ದ ಅಮ್ಮ ಮರೆತು ಮಲ್ಲಿಗೆ ಮುಡಿದು ಒಳಗೆ ಹೋಗಿದ್ದಳಂತೆ. ಆ ಬೆಳೆಗೆ ಸುಣ್ಣಕಟ್ಟು ರೋಗ ಬಂದು ಹುಳು ಬೆಳ್ಳಗೆ ಸೆಟೆದುಕೊಂಡವು. ಅಜ್ಜಿ ಸತ್ತ ಹುಳುಗಳನ್ನು ಮೊರದಲ್ಲಿ ತುಂಬಿ ಅಮ್ಮನ ತಲೆಯ ಮೇಲೆ ಹೊರಿಸಿ, ಬೀದಿಯವರೆಲ್ಲ ನೋಡುವಂತೆ ಅಂಗಳದಲ್ಲಿ ನಿಲ್ಲಿಸಿದಳು. ಈ ಕಥೆಯನ್ನು ನಗುತ್ತಾ ಹೇಳುತ್ತಿದ್ದವಳು ಅಜ್ಜಿ. ಅಮ್ಮ ಆಗ ಎದ್ದು ಒಳಗೆ ಹೋಗುತ್ತಿದ್ದಳು.

ಆ ಅಜ್ಜಿ ಒಂದು ದಿನ ತಟ್ಟೆ ತೊಳೆಯುವ ಕಟ್ಟೆಯ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಆಪರೇಷನ್ ಅಂದರು, ಅವಳು ಚಾಕು ಹಾಕಿಸಿಕೊಳ್ಳಲು ಒಪ್ಪಲಿಲ್ಲ. ನಾಟಿ ಕಟ್ಟು ಕಟ್ಟಿಸಿ ಮನೆಗೆ ತಂದು ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಆ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಗೋಡೆಯಾಚೆ ಕೋಳಿಗೂಡು, ಇನ್ನೊಂದರಾಚೆ ಹುಳುವಿನ ಹಿಕ್ಕೆಯನ್ನೂ ತಿಂದುಳಿದ ಸೊಪ್ಪನ್ನೂ ಸುರಿಯುವ ಗುಂಡಿ. ಕೊಳೆತ ಸೊಪ್ಪಿನ ಹುಳಿನಾತ ಗೋಡೆಯೊಳಗಿಂದ ಬರುತ್ತಿತ್ತು. ಅಜ್ಜಿ ಮಲಗಿದಲ್ಲೇ ಎಲ್ಲವನ್ನೂ ಮಾಡಿಕೊಳ್ಳುತ್ತಿದ್ದಳು. ಅವಳನ್ನು ಮುಟ್ಟಿದರೆ ತಲೆಸ್ನಾನ ಮಾಡಬೇಕು, ಮಾಡದೆ ಹುಳುವಿಗೆ ಸೊಪ್ಪು ಹಾಕುವಂತಿಲ್ಲ, ಹುಳು ಹೊತ್ತು ಹೊತ್ತಿಗೂ ಬಾಯಿ ತೆರೆದುಕೊಂಡಿರುತ್ತವೆ. ಹೀಗಾಗಿ ಮನೆಯಲ್ಲಿ ಯಾರೂ ಅವಳನ್ನು ಮುಟ್ಟಲಿಲ್ಲ. ಮುದ್ದೆಯ ತಟ್ಟೆಯನ್ನು ಹೊಸಿಲಾಚೆ ಇಟ್ಟು, ಸೊಪ್ಪು ಎಳೆಯುವ ಕೋಲಿನಿಂದ ಅವಳ ಕೈಗೆ ಸಿಗುವಷ್ಟು ದೂರ ತಳ್ಳುತ್ತಿದ್ದರು. ಆ ಕೋಲನ್ನು ಆಮೇಲೆ ತೊಳೆದಿಡುತ್ತಿದ್ದರು.

ಹಾಗಾದರೆ ಅವಳನ್ನು ತೊಳೆಯುತ್ತಿದ್ದವರು ಯಾರು ಎಂದು ಕೇಳಿದರೆ ಹೇಳಲು ನನಗೆ ಈಗಲೂ ನಾಲಿಗೆ ಹೊರಳುವುದಿಲ್ಲ. ಅಮ್ಮ ತಿಂಗಳಿಗೊಮ್ಮೆ ಹೊರಗಾಗುತ್ತಿದ್ದಳು. ಹುಳುಮನೆಗೆ ಹೇಗೂ ಹೋಗುವಂತಿಲ್ಲದ ಆ ಮೂರು ದಿನ ಅವಳು ಹಿಂದಿನ ಕೋಣೆಗೆ ಹೋಗಿ ಅಜ್ಜಿಯ ಸೀರೆ ಬದಲಿಸಿ, ಮೈ ಒರೆಸಿ, ನೆಲ ಸಾರಿಸಿ ಬರುತ್ತಿದ್ದಳು. ಮಾತಿಲ್ಲ, ಕಥೆಯಿಲ್ಲ, ಬಚ್ಚಲು ತೊಳೆದ ಹಾಗೆ ತೊಳೆದು ಬರುತ್ತಿದ್ದಳು. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು, ಅಜ್ಜಿ ಮತ್ತೆ ಒಂದು ತಿಂಗಳು ತನ್ನ ಹೇಲು ಉಚ್ಚೆಯ ಮೇಲೆಯೇ. ನೆರೆಯ ಹೆಂಗಸರು ಮೂಗಿಗೆ ಸೆರಗು ಹಿಡಿದು ಬಂದು, ಮಾಡಿದ್ದುಣ್ಣೋ ಮಾರಾಯ ಎಂದು ಪಿಸುಗುಟ್ಟಿ, ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಅದೇ ಅಂಗಳದಲ್ಲಿ ನಾವು ಉಂಡೆವು, ಆಡಿದೆವು, ಹಬ್ಬ ಮಾಡಿದೆವು. ಒಬ್ಬಟ್ಟಿನ ಹೂರಣದ ಪರಿಮಳವೂ ಆ ಕೋಣೆಯ ನಾತವೂ ಒಟ್ಟಿಗೆ ಬಂದು ಮೂಗಿಗೆ ಹೊಡೆದದ್ದು ನೆನಪಾದರೆ ಇವತ್ತಿಗೂ ನನಗೆ ಒಬ್ಬಟ್ಟು ಗಂಟಲಲ್ಲಿ ಇಳಿಯುವುದಿಲ್ಲ.

ಹೀಗಿರುವಾಗ ನಾನು ದೊಡ್ಡವಳಾದೆ. ಹುಳು ನಾಲ್ಕನೇ ಜ್ವರ ಎದ್ದು ಹಸಿದು ಮೇಯುವ ಹೊತ್ತು. ಮನೆಯವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಆರತಿ, ಹಸೆ, ಚಿಗಳಿ ಎಲ್ಲ ಬೆಳೆ ಇಳಿದ ಮೇಲೆ ನೋಡೋಣ ಎಂದು ಅಪ್ಪ ಜಗಲಿಯಿಂದಲೇ ತೀರ್ಪು ಕೊಟ್ಟ. ಅಮ್ಮ ನನ್ನ ಕೈಗೆ ಹಳೆಯ ಬಟ್ಟೆಯ ಗಂಟು ಕೊಟ್ಟು, ಹಿಂದಿನ ಕೋಣೆಯತ್ತ ಗಲ್ಲ ಎತ್ತಿ ತೋರಿಸಿದಳು.

"ಒಳ್ಳೇದೇ ಆಯ್ತು ಬಿಡು. ಇನ್ನು ನಿಂದೂ ಮೂರು ದಿನ ಸಿಗ್ತವೆ ಅವಳಿಗೆ."

ಆ ಮಾತನ್ನು ಅವಳು ಲೆಕ್ಕ ಹಾಕುವ ದನಿಯಲ್ಲಿ ಹೇಳಿದಳು. ನಾನು ಒಳಗೆ ಹೋದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವ ಮೊದಲೇ ಮೂಗಿಗೆ ಗೊತ್ತಾಗಿತ್ತು. ಅಜ್ಜಿಯ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು. ಅವಳನ್ನು ಗೋಡೆಯ ಕಡೆಗೆ ಹೊರಳಿಸಿದಾಗ ಸೊಂಟದ ಕೆಳಗೆ ನನ್ನ ಅಂಗೈ ಅಗಲದ ಹುಣ್ಣು ಕಂಡಿತು. ಅಂಚು ಕಪ್ಪಗಿತ್ತು, ನಡುವೆ ಏನೋ ಬೆಳ್ಳಗೆ ಮಿಸುಕುತ್ತಿತ್ತು. ಹುಳು. ಮುಂದಿನ ಕೋಣೆಯಲ್ಲಿ ಬಲೆ ಕಟ್ಟಿ, ಸುಣ್ಣ ಹಾಕಿ, ಒಗ್ಗರಣೆ ಬಿಟ್ಟು ನಾವು ಹುಳು ಸಾಕುತ್ತಿದ್ದೆವಲ್ಲ, ಹಿಂದಿನ ಕೋಣೆಯಲ್ಲಿ ಅಜ್ಜಿಯ ಮೈಯಲ್ಲಿ ಬೇರೆ ಹುಳು ಸಾಕಿದ್ದೆವು. ನಾನು ಅಂಗಳಕ್ಕೆ ಓಡಿ ಕಾರಿಕೊಂಡೆ. ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಕಾರಿಕೊಂಡೆ. ಬಾಯಿ ತೊಳೆದು ಮತ್ತೆ ಒಳಗೆ ಹೋದಾಗ ಅಜ್ಜಿ ತೆಲುಗಿನಲ್ಲಿ ಹೇಳಿದಳು. ಬೇಡ ತಾಯಿ, ನನ್ನನ್ನು ಮುಟ್ಟಿದರೆ ಹುಳು ಕೆಡುತ್ತವೆ ಎನ್ನುತ್ತಿದ್ದಳು.

"ವದ್ದು ತಲ್ಲೀ, ಪುರುಗುಲು ಚೆಡಿಪೋತಾಯಿ."

ನಾನು ಅಮ್ಮನಿಗೆ ಹೇಳಿದೆ. ಅಮ್ಮ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲಿ, ಆಮೇಲೆ ನೋಡೋಣ ಎಂದಳು. ಅಪ್ಪ ಮಾತ್ರ ಕೇಳಿ ಬೆವತುಬಿಟ್ಟ. ಅಪ್ಪ ಕೆಟ್ಟವನಲ್ಲ, ಅದೇ ಹೇಸಿಗೆ. ಅವನು ಹುಳುಮನೆಗೆ ಹೋಗಿ, ರೋಗ ಬಾರದಿರಲೆಂದು ತಟ್ಟೆಗಳಿಗೆ ಉದುರಿಸುವ ಸುಣ್ಣ ಬ್ಲೀಚಿಂಗಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದ. ಮನೆಯಲ್ಲಿದ್ದ ಅತ್ಯಂತ ಒಳ್ಳೆಯ ಔಷಧಿ ಅವನ ಲೆಕ್ಕದಲ್ಲಿ ಅದೇ. ಹೊಸಿಲ ಮೇಲೇ ನಿಂತು, ಒಳಕ್ಕೆ ಬಗ್ಗಿ, ಕೈ ಚಾಚಿ, ತಟ್ಟೆಗೆ ಉದುರಿಸುವ ಹಾಗೆಯೇ ಹದವಾಗಿ ತನ್ನ ತಾಯಿಯ ತೆರೆದ ಹುಣ್ಣಿನ ಮೇಲೆ ಉದುರಿಸಿದ. ಅಜ್ಜಿ ಕೂಗಿದ ಕೂಗಿಗೆ ಕೋಳಿಗಳು ಗೂಡಿನಲ್ಲಿ ರೆಕ್ಕೆ ಬಡಿದವು. ಅಪ್ಪ ಎರಡೂ ಕೈ ಬ್ಲೀಚಿಂಗ್ ನೀರಿಗೆ ಅದ್ದಿ, ಅಳುತ್ತಾ, ಹುಳುವಿಗೆ ಸೊಪ್ಪು ಹಾಕಲು ಹೋದ.

ನಾನು ಬಿಂದಿಗೆಗಟ್ಟಲೆ ನೀರು ಹುಯ್ದು ಅದನ್ನು ತೊಳೆದೆ. ಆಮೇಲೆ ಊರ ಮುಂದಿನ ಆರೋಗ್ಯ ಉಪಕೇಂದ್ರಕ್ಕೆ ಓಡಿದೆ. ಅಲ್ಲಿದ್ದ ಸಿಸ್ಟರ್ ಮಂಚೇನಹಳ್ಳಿ ಕಡೆಯ ದಲಿತರ ಮನೆಯವಳು, ಬುದ್ಧನಿಗೆ ಕೈಮುಗಿಯುವ ಕುಟುಂಬ. ಬಾಣಂತಿಯರನ್ನು, ಮಕ್ಕಳನ್ನು ನೋಡಲು ಮನೆಮನೆಗೆ ಬರುತ್ತಿದ್ದಳು. ನಮ್ಮಂಥವರ ಮನೆಯಲ್ಲಿ ಅವಳ ಸೂಜಿ ನಮ್ಮ ಮೈಯೊಳಗೆ ಹೋಗಬಹುದಿತ್ತು, ಅವಳು ಜಗಲಿ ದಾಟಿ ಒಳಗೆ ಹೋಗುವಂತಿರಲಿಲ್ಲ. ಅವಳಿಗೆಂದೇ ಒಂದು ಲೋಟ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಿತ್ತು. ಅವಳೇನು ಬೆಣ್ಣೆಯಂಥ ಹೆಂಗಸಲ್ಲ. ಸಿಡುಕಿ, ಮಾತೆಂದರೆ ಮೊಳೆ ಹೊಡೆದ ಹಾಗೆ. ನಾನು ಹೇಳಿದ್ದನ್ನು ಕೇಳಿ ಮುಖ ಕಿವುಚಿಕೊಂಡಳು, ಬೈದುಕೊಂಡೇ ಚೀಲ ತುಂಬಿಕೊಂಡಳು.

ಅವಳು ಜಗಲಿಯಲ್ಲಿ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ನೇರ ನಡುಮನೆ ಹೊಕ್ಕು, ಹಿಂದಿನ ಕೋಣೆಗೆ ಹೋಗಿ, ಒಂದು ಕ್ಷಣದಲ್ಲಿ ಹೊರಗೆ ಬಂದು ಕಂಬ ಹಿಡಿದು ಓಕರಿಸಿದಳು. ಅಪ್ಪನಿಗೆ ಆಗ ಬಾಯಿ ಬಂತು. ನಿನಗೇ ಹೇಸಿಗೆಯಾಗುವುದಾದರೆ ಮನೆಯವರಿಗೆ ಯಾಕಾಗಬಾರದು ಎಂದ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹೇಸಿಗೆ ನಂಗೂ ಆಗ್ತದೆ ಕಣಪ್ಪ, ಮೂಗೈತಲ್ಲ. ಆದ್ರೆ ನಂಗೆ ಆ ಮುದುಕಿ ಮೇಲೆ ಆಗ್ತಿಲ್ಲ."

ಈ ಕೋಣೆಯಲ್ಲಿ ಇವಳನ್ನು ತೊಳೆದು ಪ್ರಯೋಜನವಿಲ್ಲ, ಗಾಳಿ ಬೆಳಕಿರುವ ಕಡೆ ಹಾಕಿ ಎಂದಳು. ಅಂಥ ಕೋಣೆ ಮನೆಯಲ್ಲಿ ಒಂದೇ ಇತ್ತು. ಅವಳು ಅತ್ತ ನೋಡಿದಳು, ನಾವೆಲ್ಲರೂ ಅತ್ತ ನೋಡಿದೆವು. ಅಪ್ಪ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತ. ಇನ್ನೇನು ಹಣ್ಣಾಗುವ ಹುಳು, ವರ್ಷದ ಅನ್ನ, ಮೈಲಿಗೆ ತಾಕಿದರೆ ಒಂದೂ ಉಳಿಯುವುದಿಲ್ಲ ಎಂದು ಅವನು ಕೈ ಜೋಡಿಸಿ ಬೇಡಿಕೊಂಡ. ಆ ಕೈ ಜೋಡಿಸಿದ್ದನ್ನು ನೋಡಿ ನನ್ನ ಮೈ ಉರಿದುಹೋಯಿತು. ತಾಯಿಗಾಗಿ ಒಂದು ದಿನವೂ ಜೋಡಿಸದ ಕೈ ಅದು. ನಾನು ಅವನ ತೋಳಿನ ಕೆಳಗೆ ನುಸುಳಿ, ಬ್ಲೀಚಿಂಗ್ ನೀರನ್ನು ತುಳಿಯದೆ, ಮುಟ್ಟಾದ ಮೈಯಲ್ಲಿ, ಅಜ್ಜಿಯ ಕೀವು ಮೆತ್ತಿದ ಲಂಗದಲ್ಲಿ ಹುಳುಮನೆಯ ನಡುವೆ ಹೋಗಿ ನಿಂತೆ. ನಿಂತದ್ದು ಸಾಲದೆಂದು ಒಂದು ತಟ್ಟೆಯೊಳಗೆ ಅಂಗೈ ಊರಿದೆ.

"ಈಗ ಮೈಲಿಗೆ ಆಗೋಯ್ತಲ್ಲಪ್ಪ. ಇನ್ನು ಅಜ್ಜೀನ ತಂದು ಹಾಕು."

ಅಪ್ಪ ಹೊಡೆಯಲಿಲ್ಲ. ಹೊಡೆಯಲು ಮುಟ್ಟಬೇಕಲ್ಲ. ಜಗಲಿಗೆ ಹೋಗಿ ತಲೆಯ ಮೇಲೆ ಕೈ ಹೊತ್ತು ಕೂತ. ಸಿಸ್ಟರೂ ನಾನೂ ಅಜ್ಜಿಯನ್ನು ಚಾಪೆಯ ಸಮೇತ ಎಳೆದು ತಂದು ಮೂಡಣ ಕಿಟಕಿಯ ಕೆಳಗೆ ಹಾಕಿದೆವು. ಸಿಸ್ಟರ್ ಟರ್ಪೆಂಟೈನ್ ಹಾಕಿ ಹುಣ್ಣಿನ ಹುಳುಗಳನ್ನು ಇಕ್ಕಳದಲ್ಲಿ ತೆಗೆದಳು, ನಾನು ಬೋಸಿ ಹಿಡಿದೆ. ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯುವುದು, ಬೇಯಿಸಿದ ಬಟ್ಟೆ ಕಟ್ಟುವುದು, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವುದು, ಎಲ್ಲವನ್ನೂ ಗದರಿಕೊಂಡೇ ಹೇಳಿಕೊಟ್ಟಳು. ಅಜ್ಜಿ ಅಷ್ಟೂ ಹೊತ್ತು ನನಗೆ ಶಾಪ ಹಾಕುತ್ತಿದ್ದಳು. ತಾನು ಕಟ್ಟಿದ ಮನೆಯನ್ನು ನಾನು ಹಾಳು ಮಾಡಿದೆನಂತೆ, ನನ್ನ ಕೈಯಲ್ಲಿ ಹುಳು ನಿಲ್ಲುವುದಿಲ್ಲವಂತೆ. ಕೈಯಲ್ಲಿ ಶಕ್ತಿಯಿದ್ದಿದ್ದರೆ ಹೊಡೆದೇಬಿಡುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ ನರ್ಸಿಂಗ್ ಶಾಲೆಯ ಮೊದಲ ಪಾಠದಲ್ಲಿ ಮೇಡಂ ಶುಶ್ರೂಷೆಯ ಇತಿಹಾಸ ಹೇಳಿದರು. ಯುದ್ಧಕಾಲದಲ್ಲಿ ಒಬ್ಬ ಸಿರಿವಂತರ ಮನೆಯ ಹೆಣ್ಣುಮಗಳು ಆಸ್ಪತ್ರೆಯ ಕಿಟಕಿ ತೆಗೆಸಿ, ನೆಲ ತೊಳೆಸಿ, ಹಾಸಿಗೆ ಬದಲಿಸಿ ಸಾಯುವವರನ್ನು ಉಳಿಸಿಕೊಂಡಳಂತೆ. ನಮ್ಮ ವೃತ್ತಿ ಅಲ್ಲಿಂದ ಹುಟ್ಟಿತಂತೆ. ಆಮೇಲೆ ಬೋರ್ಡಿನ ಮೇಲೆ ರೋಗಿಗೆ ಬೇಕಾದದ್ದನ್ನು ಬರೆದರು: ಶುದ್ಧ ಗಾಳಿ, ಬೆಳಕು, ಬೆಚ್ಚಗೆ, ಚೊಕ್ಕಟ, ಸದ್ದಿಲ್ಲದಿರುವುದು, ಹೊತ್ತಿಗೆ ಸರಿಯಾಗಿ ಆಹಾರ. ಉಳಿದ ಹುಡುಗಿಯರು ಬರೆದುಕೊಳ್ಳುತ್ತಿದ್ದರು. ನಾನು ಪೆನ್ನು ಕೆಳಗಿಟ್ಟೆ. ಅದು ನಮ್ಮ ಹುಳುಮನೆ. ಒಂದೊಂದು ಸಾಲೂ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಗೊತ್ತಿಲ್ಲದೆ ಅಜ್ಜಿಯನ್ನು ಕೊಳೆಸಿದ್ದಲ್ಲ ನಾವು, ಚೆನ್ನಾಗಿ ಗೊತ್ತಿದ್ದೂ ಕೊಳೆಸಿದ್ದು. ಈಗ ಚಿಕ್ಕಬಳ್ಳಾಪುರದಲ್ಲಿ ಮೊದಲ ವರ್ಷದ ಮಕ್ಕಳಿಗೆ ಅದೇ ಪಾಠ ನಾನು ಮಾಡುತ್ತೇನೆ. ಆರೋಗ್ಯದ ಮಾದರಿಗಳು ಎಂದು ಪುಸ್ತಕದ ತುಂಬ ವೃತ್ತದೊಳಗೆ ವೃತ್ತ ಬರೆದು ಬಾಣ ಎಳೆದಿರುತ್ತಾರೆ, ನಡುವಿನ ವೃತ್ತದಲ್ಲಿ ರೋಗಿ, ಸುತ್ತ ಮನೆ, ಅದರ ಸುತ್ತ ಸಮಾಜ. ಬಾಣಗಳೆಲ್ಲ ಒಳಮುಖ, ಎಲ್ಲರೂ ರೋಗಿಯ ಕಡೆಗೆ ಓಡಿಬರುತ್ತಿರುವ ಹಾಗೆ. ಮೂಗು ಹಿಡಿದು ಹೊರಗೆ ಓಡುವ ಬಾಣವನ್ನು ಯಾವ ಪುಣ್ಯಾತ್ಮನೂ ಬರೆದಿಲ್ಲ. ಲ್ಯಾಬಿನಲ್ಲಿ ಪ್ಲಾಸ್ಟಿಕ್ ಗೊಂಬೆಯನ್ನು ಹೊರಳಿಸಿ ಮಕ್ಕಳು ನಗುನಗುತ್ತಾ ಅಂಕ ತೆಗೆದುಕೊಳ್ಳುತ್ತವೆ. ಗೊಂಬೆಗೆ ನಾತವಿಲ್ಲ.

ಮತ್ತೆ ಆ ಮನೆಯ ಮಾತಿಗೆ ಬರುತ್ತೇನೆ. ಆ ಬೆಳೆ ಕೆಡಲಿಲ್ಲ. ನಾನು ಅಂಗೈ ಊರಿದ ತಟ್ಟೆಯೂ ಕೆಡಲಿಲ್ಲ. ಹುಳು ಹಣ್ಣಾಗಿ, ಬಿದಿರು ಹೆಣೆದ ಚಂದ್ರಂಕಿ ತಟ್ಟೆಗೆ ಹತ್ತಿ, ಗಟ್ಟಿ ಗೂಡು ಕಟ್ಟಿದವು. ಶಿಡ್ಲಘಟ್ಟದ ಮಾರುಕಟ್ಟೆಯಿಂದ ಅಪ್ಪ ಮುಖ ಅರಳಿಸಿಕೊಂಡು ಬಂದ. ಅವ್ವನ ಪುಣ್ಯ ಎಂದು ಎಲ್ಲರ ಹತ್ತಿರ ಹೇಳಿಕೊಂಡ. ಹಾಗಾದರೆ ಇಷ್ಟು ದಿನದ ಮಡಿ ಯಾಕಿತ್ತು ಎಂದು ಯಾರೂ ಕೇಳಲಿಲ್ಲ. ಅಜ್ಜಿಯ ಹುಣ್ಣು ಕೆಂಪಗೆ ಚಿಗುರತೊಡಗಿತ್ತು. ಸಿಸ್ಟರಿಗೆ ಅಪ್ಪ ಈಗ ಕುರ್ಚಿ ಹಾಕುತ್ತಿದ್ದ, ಲೋಟ ಮಾತ್ರ ಸೂರಿನ ಸಂದಿಯದ್ದೇ. ಅವಳು ಅದನ್ನು ಒಂದು ದಿನವೂ ಬಾಯಿಗೆ ಇಡಲಿಲ್ಲ. ಆಮೇಲೆ ಹೊಸ ಮೊಟ್ಟೆ ತರುವ ದಿನ ಬಂತು. ಅಪ್ಪ ಗೋಡೆಗೆ ಸುಣ್ಣ ಕಲಸಿದ. ಅವ್ವನನ್ನು ಇನ್ನು ಹಿಂದಕ್ಕೆ ಮಾಡೋಣ ಎಂದ, ಒಂದು ಪೆಟ್ಟಿಗೆಯ ವಿಷಯ ಹೇಳುವ ಹಾಗೆ. ಅಜ್ಜಿಯೂ ತಲೆಯಾಡಿಸಿದಳು. ಅವಳಿಗೇ ಅವಸರ, ಹುಳು ಬರುತ್ತವೆ, ತನ್ನನ್ನು ಬೇಗ ಎತ್ತಿ ಎಂದು. ನಾನು ಅತ್ತೆ, ಕಿರುಚಾಡಿದೆ, ಅಡ್ಡ ಮಲಗಿದೆ. ಒಂದೂ ನಡೆಯಲಿಲ್ಲ. ಅಜ್ಜಿ ಮತ್ತೆ ಆ ಕತ್ತಲೆಗೆ ಹೋದಳು. ನನ್ನ ಮೂರು ದಿನ ಯಾವಾಗಲೋ ಮುಗಿದಿತ್ತು. ಹಿಂದಿನ ಕೋಣೆಗೆ ಸುಳಿದರೆ ಕಾಲು ಮುರಿಯುತ್ತೇನೆಂದು ಅಪ್ಪ ನನ್ನನ್ನು ಸ್ಕೂಲಿಗೆ ಅಟ್ಟಿದ.

ಒಂದು ಸಂಜೆ ಅಪ್ಪ ಹುಳುಮನೆಯೊಳಗಿಂದ ಸೊಪ್ಪು ಎಂದು ಕೂಗಿದ. ಅಮ್ಮ ಮಂಕರಿ ಹೊತ್ತು ಬಾಗಿಲವರೆಗೆ ಹೋದವಳು ಅದನ್ನು ಹೊಸಿಲ ಈಚೆ ಇಳಿಸಿದಳು.

"ನಾನು ಹೊರಗಾಗಿದೀನಿ," ಎಂದಳು.

ಬಟ್ಟೆ ಒಗೆಯುತ್ತಿದ್ದವಳು ನಾನು. ಅವಳು ಹಿಂದಿನ ವಾರವಷ್ಟೇ ಹೊರಗಾಗಿ ಸ್ನಾನ ಮಾಡಿದ್ದು ನನಗೆ ಗೊತ್ತಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ಬಿಸಿನೀರು ತೋಡಿಕೊಂಡು ಹಿಂದಿನ ಕೋಣೆಗೆ ಹೋದಳು. ಮೂರು ದಿನವಾಯಿತು, ವಾರವಾಯಿತು, ಆ ಬೆಳೆಯೂ ಇಳಿಯಿತು, ಅಮ್ಮ ಹೊರಗೇ ಇದ್ದಳು. ಅಪ್ಪ ಸೊಪ್ಪಿಗೆ ಕೂಲಿಯವರನ್ನು ಹಚ್ಚಿಕೊಂಡ. ಅಂಗಳದಲ್ಲಿ ಎದುರಾದರೆ ನೆಲ ನೋಡುತ್ತಾ, ಇನ್ನೂನಾ ಎಂದು ಕೇಳುತ್ತಿದ್ದ, ಅವಳು ಇನ್ನೂ ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ಯಾವ ಗಂಡಸಿಗಿತ್ತು? ಆ ಕಟ್ಟಳೆ ಮಾಡಿದ ಅಜ್ಜಿಗೆ ಎಲ್ಲ ತಿಳಿದಿತ್ತು. ಅವಳು ತುಟಿಪಿಟಕ್ಕೆನ್ನದೆ ಅಮ್ಮನ ಕೈಗೆ ಬೆನ್ನು ಕೊಟ್ಟು ಮಲಗಿರುತ್ತಿದ್ದಳು. ಅವಳು ಸಾಯುವಾಗ ಮೈಮೇಲೆ ಒಂದೂ ಹುಣ್ಣಿರಲಿಲ್ಲ.

ಅಮ್ಮ ಈಗ ನನ್ನ ಜೊತೆ ಚಿಕ್ಕಬಳ್ಳಾಪುರದಲ್ಲಿದ್ದಾಳೆ. ಕೈ ನಡುಗುತ್ತದೆ, ಸ್ನಾನ ನಾನೇ ಮಾಡಿಸುತ್ತೇನೆ. ಹೋದ ಭಾನುವಾರ ಬೆನ್ನು ಉಜ್ಜುತ್ತಾ, ಇಷ್ಟು ವರ್ಷ ಕೇಳಬೇಕೆಂದುಕೊಂಡಿದ್ದನ್ನು ಕೇಳಿಯೇಬಿಟ್ಟೆ: ಆ ಸುಳ್ಳನ್ನು ನೀನು ಮೊದಲನೇ ತಿಂಗಳೇ ಹೇಳಬಹುದಿತ್ತಲ್ಲ. ಭಯವಿತ್ತು ಎನ್ನುತ್ತಾಳೆ, ಹೊಳೆಯಲಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಮೊಣಕಾಲ ಮೇಲೆ ಗಲ್ಲವೂರಿದಳು.

"ಹೊಳೀದೆ ಏನಮ್ಮ, ದಿನಾ ಹೊಳೀತಿತ್ತು. ಕೊಳೀಲಿ ಅಂತಿದ್ದೆ. ಆ ಹುಳಾ ನನ್ನ ತಲೆ ಮೇಲೆ ಹೊರಿಸಿದ್ಲಲ್ಲ, ಅವಾಗ್ಲಿಂದ."

ನನ್ನ ಕೈ ನಿಂತಿತು. ಅವಳ ಬೆನ್ನಿನ ಮೇಲೆ ಸೋಪಿನ ನೊರೆ ಹಾಗೆಯೇ ಇತ್ತು. ಸುಳ್ಳು ಯಾಕೆ ಹೇಳಲಿ, ಆ ಬೆನ್ನನ್ನು ಮುಟ್ಟಲು ನನಗೆ ಹೇಸಿಗೆಯಾಯಿತು. ಅವಳು ಕಾಯುತ್ತಾ ಕೂತಿದ್ದಳು, ಚಳಿಗೆ ಭುಜ ನಡುಗುತ್ತಿತ್ತು. ಇನ್ನೊಂದು ಚೊಂಬು ಬಿಸಿನೀರು ತೋಡಿ ಹುಯ್ದೆ.